ಒಡೆದ ಟ್ಯಾಬ್‌ನೊಳಗಿನ ಮಾತು

ಚಿಕ್ಕೋಡಿ ಹತ್ತಿರದ ಕರೋಶಿ ಊರಿನ ನೀಲಮ ಬಟ್ಟೆ ಒಣಹಾಕಿ ಒಳಗೆ ಬಂದಾಗ ಟ್ಯಾಬ್ ನೆಲದ ಫರಸಿಯ ಮೇಲೆ ಮಕಾಡೆ ಬಿದ್ದಿತ್ತು. ಮಗಳು ಕಾಂಚನಳ ತೊಡೆಯಿಂದ ಜಾರಿತ್ತು. ಎತ್ತಿ ನೋಡಿದರೆ ಗಾಜು ಉದ್ದಕ್ಕೂ ಸೀಳಿತ್ತು. ಚಿತ್ರಗಳು ಕಾಣುತ್ತಿದ್ದವು, ಎಷ್ಟು ಒತ್ತಿದರೂ ದನಿ ಬರಲಿಲ್ಲ.

ಅದು 2017ನೇ ಇಸವಿ. ಕಾಂಚನಳಿಗೆ ಒಂಬತ್ತು ವರ್ಷ. ಕಿವಿ ಕೇಳುತ್ತದೆ, ಎಲ್ಲವೂ ತಿಳಿಯುತ್ತದೆ, ಆದರೆ ಹುಟ್ಟಿನಿಂದಲೇ ಮಾತಿಲ್ಲ. ಕೈ ಮೇಲೆತ್ತಲೂ ಆಗುವುದಿಲ್ಲ. ತೊಡೆಯ ಮೇಲಿಟ್ಟಿದ್ದನ್ನು ಒಂದು ಬೆರಳಿನಿಂದ ಒತ್ತಬಲ್ಲಳು, ಅಷ್ಟೇ. ಮನೆಗೇ ಬಂದು ಪಾಠ ಹೇಳುವ ದ್ರೌಪದಿ ಟೀಚರ್ ಆ ಟ್ಯಾಬ್‌ನಲ್ಲಿ ಮಾತಾಡುವ ಚಿತ್ರಗಳನ್ನು ಹಾಕಿಕೊಟ್ಟಿದ್ದರು. ನೀರಿನ ಚಿತ್ರ ಒತ್ತಿದರೆ ‘ನೀರು ಬೇಕು’ ಎನ್ನುತ್ತಿತ್ತು. ಆ ದನಿ ನೀಲಮಳದು. ಮೂರು ವರ್ಷ ಕೂತು ಒಂದೊಂದೇ ಮಾತು ತುಂಬಿಸಿದ್ದಳು. ಮುನ್ನೂರು ದಾಟಿದ್ದವು.

ಗಂಡ ಭರಮು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆ ಬಂದವನು ಟ್ಯಾಬ್ ತಿರುಗಿಸಿ ನೋಡಿ ಕೆಳಗಿಟ್ಟ.

“ಒಡದದ್ದು ಒಡೀತು. ಐತವಾರ ಚಿಕ್ಕೋಡಿಗಿ ಹೋಗಿ ಹೊಸಾದು ತರೂನು. ಹಳೇದು ಅಂಗಡ್ಯಾಗ ಕೊಟ್ಟು ಬಂದ್ರಾತು.”

“ಬ್ಯಾಡ್ರಿ. ಆಕಿ ಮಾತೆಲ್ಲಾ ಅದರಾಗ ಅದಾವು. ಏನರ ಆಗ್ಲಿ, ಇದನ್ನs ರಿಪೇರಿ ಮಾಡಸ್ರಿ.”

“ಮತ್ತೊಮ್ಮಿ ತುಂಬಿದ್ರಾತಲ್ಲ. ಚಿತ್ರದ ಆಟಕ್ಕ ಇಷ್ಟ್ಯಾಕ ಮಾಡ್ತಿ?”

ನೀಲಮ ಟ್ಯಾಬ್ ಚಾರ್ಜಿಗೆ ಹಚ್ಚಿ, ಪಕ್ಕದಲ್ಲೇ ಕೂತಳು.

ಮೂರನೆಯ ದಿನ ಕಾಂಚನ ಬೆಳಿಗ್ಗೆಯಿಂದ ಒಂದೇ ಸಮ ಅತ್ತಳು. “ಹೊಟ್ಟಿ ನೋವೇನ? ತಲಿ ನೋವೇನ?” ಎಂದು ಭರಮು ಕೇಳಿದ, ನೀಲಮ ಕೇಳಿದಳು. ಕಾಂಚನ ಇಲ್ಲವೆಂದು ತಲೆಯಾಡಿಸಿದಳು, ಮತ್ತೂ ಜೋರಾಗಿ ಅತ್ತಳು. ಕಿವಿ ನೋವೇ ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಮಧ್ಯಾಹ್ನ ದವಾಖಾನೆಯ ಡಾಕ್ಟರು ಕಿವಿಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಕೀವು ತುಂಬಿತ್ತು.

“ಎರಡು ದಿನಾ ಆಗೇತ್ರಿ ಇದು. ಮಗು ಹೇಳಲಿಲ್ಲೇನು?”

ಒತ್ತಿದರೆ ‘ಕಿವಿ ನೋವು’ ಎನ್ನುವ ಚಿತ್ರ ಆ ಒಡೆದ ಟ್ಯಾಬ್‌ನಲ್ಲಿತ್ತು. ಭರಮು ಮಗಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ. ಆಮೇಲೆ ಅವನು ‘ಆಟ’ ಎಂಬ ಮಾತು ಎತ್ತಲಿಲ್ಲ.

ಮರುದಿನ ದ್ರೌಪದಿ ಟೀಚರ್ ಬಂದರು. ಬಂದವರೇ ಚಾರ್ಜರ್ ಕಿತ್ತರು.

“ಇದರ ಬೆನ್ನು ಉಬ್ಬೇತಿ, ನೋಡಿಲ್ಲೇನ್ರಿ? ಬ್ಯಾಟರಿ ಉಬ್ಬಿದ್ರ ಚಾರ್ಜ್ ಹಚ್ಚಬಾರದು. ಬೆಂಕಿ ಹತ್ತತೈತಿ.”

“ಅಕ್ಕಾರ, ನೀವs ಹೇಳ್ರಿ,” ಎಂದಳು ನೀಲಮ. “ನಾ ರಿಪೇರಿ ಅಂತೀನಿ, ಇವರು ಹೊಸಾದು ಅಂತಾರ.”

“ಅದು ಆಮ್ಯಾಲಿನ ಮಾತು. ಮೊದಲ ಒಳಗಿಂದು ಹೊರಗ ತಗೀಬೇಕು. ತಿಳದಾವ್ರ ಕಡೆ ಬಿಚ್ಚಿಸಿ, ಏನೇನು ಕೆಟ್ಟೈತಿ ನೋಡ್ರಿ. ನೋಡದs ಇಬ್ರೂ ವಾದಾ ಮಾಡಾಕತ್ತೀರಲ್ಲ!”

ಚಿಕ್ಕೋಡಿಯಲ್ಲಿ ಬಿಲಾಲನ ರಿಪೇರಿ ಅಂಗಡಿ. ಭರಮುವಿಗೆ ಪರಿಚಯದವನು. ಗಂಡ ಹೆಂಡತಿ ಟ್ಯಾಬ್ ಹಿಡಿದು ಅಲ್ಲಿಗೆ ಹೋದರು. ಬಿಲಾಲ ಟ್ಯಾಬ್ ಬಿಚ್ಚಿ, ಉಬ್ಬಿದ ಬ್ಯಾಟರಿ ಹುಷಾರಾಗಿ ತೆಗೆದು ದೂರ ಇಟ್ಟ.

“ಬರೇ ಗಾಜು ಒಡದಿದ್ರ ನಾನs ಹಾಕಿ ಕೊಡ್ತಿದ್ದೆ ಭರಮಣ್ಣ, ಹೊಸಾದು ಬ್ಯಾಡ ಅಂತಿದ್ದೆ. ಆದ್ರ ಈ ಮಾಡೆಲ್ಲಿನ ಅಸಲಿ ಬ್ಯಾಟರಿ ಈಗ ಬರೂದಿಲ್ಲ. ಯಾವುದೋ ಒಂದು ತುರುಕಿ ಕೊಟ್ರ ನಾಳೆ ಅದೂ ಉಬ್ಬತೈತಿ. ಹುಡುಗಿ ತೊಡಿ ಮ್ಯಾಲ ಇಡೂದದು. ನನ್ನ ಮನಸು ಒಪ್ಪೂದಿಲ್ಲ.”

ನೀಲಮ ಮೇಜಿನ ಮೇಲೆ ಬಾಗಿದಳು. “ಹಂಗಾದ್ರ ಮಾತು ಹೋದಂಗs?”

“ಮಾತು ಬ್ಯಾಟರ್‍ಯಾಗ ಇರೂದಿಲ್ರಿ ವೈನಿ.”

ಬಿಲಾಲ ಅಂಗಡಿಯ ಬೇರೆ ಕರೆಂಟು ಕೊಟ್ಟು ಟ್ಯಾಬ್ ನಡೆಸಿದ. ಗಾಜು ಬೆರಳಿನ ಒತ್ತಿಗೆ ಓಗೊಡದ್ದರಿಂದ ಟ್ಯಾಬ್‌ಗೆ ಮೌಸ್ ಜೋಡಿಸಿದ. ಒಂದು ಚಿತ್ರ ಒತ್ತಿದ. “ಅವ್ವಾ, ಇಲ್ಲಿ ಬಾ,” ಎಂದಿತು ಟ್ಯಾಬ್. ತನ್ನದೇ ದನಿ ಕೇಳಿ ನೀಲಮ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಲ್ಲ ಮಾತೂ ಮೆಮೊರಿ ಕಾರ್ಡಿಗೆ ಇಳಿದವು. ಇನ್ನೊಂದು ಪ್ರತಿ ಭರಮುವಿನ ಫೋನಿಗೆ.

“ಹೊಸಾದು ತಗೊಳ್ಳೂನ್ರಿ,” ಎಂದವಳು ಈಗ ನೀಲಮಳೇ.

ಭರಮು ತಲೆ ತಗ್ಗಿಸಿದ. “ನಾ ಹೇಳಿದಂಗ ಹಳೇದು ಕೊಟ್ಟು ಬಂದಿದ್ರ ಆಕಿ ಮಾತೆಲ್ಲಾ ಏನಾಗ್ತಿತ್ತು ನೀಲಮ?”

ಬಿಲಾಲ ಹಳೆಯದರಲ್ಲಿದ್ದದ್ದನ್ನೆಲ್ಲ ಅಳಿಸಿದ. ಬ್ಯಾಟರಿ ಬೇರೆ, ಟ್ಯಾಬ್ ಬೇರೆ ಮಾಡಿ, ಬೆಳಗಾವಿಯಲ್ಲಿ ಇಂಥ ಕಸ ಪಡೆಯುವವರಿಗೆ ಕಳಿಸಲು ಎತ್ತಿಟ್ಟ.

ಹೊಸ ಟ್ಯಾಬ್‌ಗೆ ಟೀಚರ್ ಚಿತ್ರಗಳನ್ನು ಕೂಡಿಸಿಕೊಟ್ಟರು. ಕಾಂಚನ ಒತ್ತಿದಳು, ನಕ್ಕಳು. ಆಮೇಲೆ ‘ಅಪ್ಪ’ ಒತ್ತಿದಳು, ‘ಮಾತಾಡು’ ಒತ್ತಿದಳು. ಮತ್ತೆ ಅದೇ ಎರಡು. ಅಪ್ಪನ ಚಿತ್ರಕ್ಕೆ ಅಪ್ಪನದೇ ದನಿ ಬೇಕಿತ್ತು ಅವಳಿಗೆ. ದನಿ ತುಂಬಲು ಭರಮು ಟ್ಯಾಬ್ ಬಾಯಿಯ ಹತ್ತಿರ ಹಿಡಿದ. ಮೊದಲ ಸಲ ಹೇಳಿದ್ದನ್ನು ಅಳಿಸಿದ. ಎರಡನೆಯ ಸಲ ಹೇಳಿದ: “ಕಾಂಚನಾ, ನಾ ಇಲ್ಲೇ ಅದೀನವ್ವಾ.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಟ್ಯಾಬೋ ಫೋನೋ ಒಡೆದರೆ ಸಿಟ್ಟಿನಲ್ಲಿ ಬಿಸಾಡಬೇಡಿ, ಮಮತೆಯಿಂದ ಹಟವನ್ನೂ ಹಿಡಿಯಬೇಡಿ. ತಿಳಿದವರಿಂದ ಬಿಚ್ಚಿಸಿ ನೋಡಿ. ಬರೀ ಗಾಜಾದರೆ ರಿಪೇರಿ ಮಾಡಿಸಿ. ಸರಿಯಾದ ಬ್ಯಾಟರಿ ಸಿಗದಿದ್ದರೆ ಹಳೆಯದರ ಆಸೆ ಬಿಟ್ಟುಬಿಡಿ. ಉಬ್ಬಿದ ಬ್ಯಾಟರಿಗೆ ಚಾರ್ಜ್ ಹಚ್ಚಬೇಡಿ, ಅದನ್ನು ತಿಪ್ಪೆಗೂ ಒಲೆಗೂ ಹಾಕಬೇಡಿ. ಮತ್ತೆ, ಒಡೆಯುವ ತನಕ ಕಾಯುವುದೇಕೆ? ನಿಮಗೆ ಬೇಕಾದದ್ದರ ಇನ್ನೊಂದು ಪ್ರತಿಯನ್ನು ಇವತ್ತೇ ತೆಗೆದಿಡಿ.