ಬಾಯಿ ಇಟ್ಟ ಹೆಸರು

ವಿಜಯಪುರದಿಂದ ಪಣಜಿಯವರೆಗೆ ಯಾರನ್ನು ಬೇಕಾದರೂ ಕೇಳಿ ನೋಡ್ರಿ, ಇಸ್ಪೀಟಿನ ಎಲೆ ಲೆಕ್ಕ ಇಡುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಹೆಸರು ಕೇಳಿ ಊರು ಬಿಟ್ಟಿರಬೇಕು. ನಾನು ಮುತ್ತು. ಗೋಳಗುಮ್ಮಟದ ಹತ್ತಿರ ನನ್ನದೊಂದು ಒಣದ್ರಾಕ್ಷಿ ಅಂಗಡಿ. ಮಾಲು ಬರುವುದು ಬಿಜ್ಜರಗಿಯ ನಮ್ಮದೇ ದ್ರಾಕ್ಷಿ ತೋಟದಿಂದ. ಒಂದೊಂದು ದ್ರಾಕ್ಷಿ ಲಿಂಬೆಹಣ್ಣಿನಷ್ಟು. ನಂಬದಿದ್ದರೆ ಬಿಡಿ, ನನ್ನ ಹೆಂಡತಿಯೂ ನಂಬುತ್ತಿರಲಿಲ್ಲ.

ಗೋವಾದ ಕ್ಯಾಸಿನೋದಲ್ಲಿ ಬ್ಲ್ಯಾಕ್‌ಜಾಕ್ ಎಂಬ ಆಟವಿದೆ. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ಜಾಣರು ಬಿದ್ದ ಎಲೆಗಳ ಲೆಕ್ಕವನ್ನು ತಲೆಯಲ್ಲೇ ಇಡುತ್ತಾರೆ. ಎರಡರಿಂದ ಆರರವರೆಗಿನ ಸಣ್ಣ ಎಲೆ ಬಿದ್ದರೆ ಒಂದು ಕೂಡಿಸು; ಹತ್ತು, ರಾಜ, ರಾಣಿ, ಗುಲಾಮ, ಎಕ್ಕ ಬಿದ್ದರೆ ಒಂದು ಕಳೆ. ಲೆಕ್ಕ ಏರಿದಷ್ಟೂ ದೊಡ್ಡ ಎಲೆಗಳು ಇನ್ನೂ ಬರುವುದಿದೆ ಎಂದರ್ಥ. ಇಷ್ಟನ್ನು ನಮ್ಮ ಅಂಗಡಿಯ ತಕ್ಕಡಿಯೂ ಕಲಿತೀತು. ಕಷ್ಟ ಇರುವುದು ಮಾತಿನಲ್ಲಿ. ಪಕ್ಕದವನು ಯಾವೂರು ಎನ್ನುತ್ತಾನೆ, ಎಲೆ ಹಂಚುವ ಹುಡುಗಿ ಊಟ ಆಯಿತೇ ಎನ್ನುತ್ತಾಳೆ. ಉತ್ತರ ಕೊಟ್ಟರೆ ಲೆಕ್ಕ ಹೋಯಿತು. ಕೊಡದಿದ್ದರೆ, ಇವನೇನೋ ಎಣಿಸುತ್ತಿದ್ದಾನೆ ಎಂದು ಗೊತ್ತಾಗಿ ನೀನು ಹೋದೆ.

ಮೊದಲ ಸಲ ಹೋಗಿದ್ದು ಗೆಳೆಯ ಜಿಲಾನಿಯ ಕಾರಿನಲ್ಲಿ. ಅವನು ಪ್ರವಾಸಿಗರನ್ನು ಕರೆದೊಯ್ಯುವ ಡ್ರೈವರು. ನಾನು ನಮ್ಮೂರ ಮಲಿಕ್-ಎ-ಮೈದಾನ ತೋಪಿನ ಹಾಗೆ ಬಾಯಿ ತೆರೆದು, ಮಾತಿಲ್ಲದೆ ಕೂತಿದ್ದೆ. ಅರ್ಧ ತಾಸಿನಲ್ಲಿ ಕೋಟು ಹಾಕಿದವನೊಬ್ಬ ಬಂದು, ಮದುಮಗನನ್ನು ಕರೆದೊಯ್ಯುವಷ್ಟು ಮರ್ಯಾದೆಯಿಂದ ಹೊರಗೆ ಬಿಟ್ಟ.

ಜಿಲಾನಿ ದಾರಿಯುದ್ದಕ್ಕೂ ನಕ್ಕ. "ಲೇ ಮುತ್ತು, ಮನ್ಯಾಗ ಮಾತಿನ ಗಿರಣಿ ಇಟ್ಕೊಂಡು ಇಲ್ಲಿ ಬಂದು ಮೂಗ ಆಗ್ತಿಯಲ್ಲೊ. ವೈನಿ ಕಡೆ ಸಾಲಿ ಕಲಿ, ಹೋಗು."

ಗಿರಣಿ ಅಂದರೆ ನನ್ನ ಹೆಂಡತಿ ವಿದ್ಯಾವತಿ, ಸಾರವಾಡದವಳು. ಆಕೆ ಬಾಯಿ ತೆರೆದರೆ ಗುಮ್ಮಟದ ಪಾರಿವಾಳಗಳೆಲ್ಲ ಎದ್ದು ಸೊಲ್ಲಾಪುರಕ್ಕೆ ಹೋಗುತ್ತಿದ್ದವು. ಮದುವೆಯಾಗಿ ಎಂಟು ವರ್ಷ. ಮಕ್ಕಳಿರಲಿಲ್ಲ. ಅದೊಂದು ವಿಷಯದಲ್ಲಿ ನಾನು ಬಡಾಯಿ ಕೊಚ್ಚಿದವನಲ್ಲ, ಆಕೆಯೂ ಮಾತು ತೆಗೆದವಳಲ್ಲ.

ಅಂಗಡಿ ಮುಚ್ಚಿ ಬಂದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಎದುರುಬದುರು ಕೂಡುತ್ತಿದ್ದೆವು. ನಾನು ಎಲೆ ಒಗೆಯುತ್ತ ಹೋಗಬೇಕು, ಆಕೆ ಲೆಕ್ಕ ತಪ್ಪಿಸಬೇಕು.

"ರೀ, ಅಂಗಡಿ ಒಳಗ ಮಂಗ್ಯಾ ಹೊಕ್ಕಾವಂತ."

"ಬಿಡು, ಗಿರಾಕಿ ಬಂದಂಗಾತು. ಕುಂಡ್ರಸು ಅವನ್ನ."

"ನಮ್ಮಪ್ಪ ಟ್ರ್ಯಾಕ್ಟರ್ ಸಮೇತ ಬಾವ್ಯಾಗ ಬಿದ್ದಾನ."

"ಟ್ರ್ಯಾಕ್ಟರಿಗೆ ಪೆಟ್ಟಾಗಿಲ್ಲಲ್ಲ?"

"ಲೆಕ್ಕ ಹೇಳ್ರಿ."

"ಆರು."

ಆಕೆ ಎಲೆಗಳನ್ನು ತಿರುವಿ ಎಣಿಸಿದಳು. "ನಿಮ್ಮ ಬಾಯಿಗೆ ಬೆಂಕಿ ಹಾಕ. ಆರ ಐತಿ."

ಆಟದಲ್ಲಿ ಆಕೆ ಹೇಳುವುದೆಲ್ಲ ಸುಳ್ಳು, ನನ್ನ ಉತ್ತರವೂ ಸುಳ್ಳು, ಲೆಕ್ಕ ಮಾತ್ರ ನಿಜ. ಇದು ನಾವು ಮಾಡಿಕೊಂಡ ಕರಾರು. ಒಂದು ತಿಂಗಳಲ್ಲಿ ನನ್ನ ಬಾಯಿ ನನ್ನಿಂದ ಬೇರೆ ಸಂಸಾರ ಹೂಡಿತು ಅನ್ನಿ. ಅದರ ಪಾಡಿಗೆ ಅದು ಜೋಕು ಹೊಡೆಯುತ್ತಿತ್ತು, ಉಭಯಕುಶಲ ಕೇಳುತ್ತಿತ್ತು. ನಾನು ಒಳಗೆ ಕೂತು ಎಣಿಸುತ್ತಿದ್ದೆ. ಏನು ಮಾತಾಡಿದೆ ಅಂತ ಆಮೇಲೆ ಕೇಳಿದರೆ ನನಗೇ ಗೊತ್ತಿರುತ್ತಿರಲಿಲ್ಲ.

ಅಷ್ಟಕ್ಕೂ ವಿದ್ಯಾ ಬಿಡಲಿಲ್ಲ. "ಬರೇ ಬಾಯಿಲೆ ಆಗೂದಿಲ್ಲರಿ. ಮಾರಿನೂ ಕೇಳಿದಂಗ ಇರಬೇಕು. ಹುಬ್ಬು ಒಂಚೂರು ಮ್ಯಾಲ ಏರಸ್ರಿ. ಹಾಂ, ಹಂಗ. ಕಣ್ಣು ನನ್ನ ಮ್ಯಾಲ ಇರ್ಲಿ."

ಆ ಮುಖಕ್ಕೆ ಮೂರು ವಾರ ಹಿಡಿಯಿತು. ತಯಾರಾದ ಮೇಲೆ ಅಂಥ ಮುಖ ಭೂಮಿಯ ಮೇಲೆ ಇರಲಿಲ್ಲ. ನನ್ನೆದುರು ಕೂತವರಿಗೆ, ಇಷ್ಟು ಮನಸ್ಸಿಟ್ಟು ಹೆತ್ತ ತಾಯಿಯೂ ತಮ್ಮ ಮಾತು ಕೇಳಿಲ್ಲ ಅನ್ನಿಸಬೇಕು. ಊಟಕ್ಕೆ ಕೂತಾಗಲೂ ನಾನು ಒಳಗೊಳಗೇ ಎಲೆ ಒಗೆಯುತ್ತಿದ್ದೆ. ನಾನು ವಿದ್ಯಾಳ ಮುಖ ನೋಡುತ್ತಿದ್ದದ್ದು ಜಮಖಾನೆಯ ಮೇಲೆ ಮಾತ್ರ, ಅದೂ ಕಲಿಸಿದ ಹಾಗೆ.

ಎರಡನೆಯ ಸಲ ಗೋವಾಕ್ಕೆ ಹೊರಡುವುದು ಬುಧವಾರ ಎಂದು ಗೊತ್ತಾಗಿತ್ತು. ಮಂಗಳವಾರ ಸಂಜೆ ಕೊನೆಯ ಅಭ್ಯಾಸ. ಅವತ್ತು ವಿದ್ಯಾ ಮೆತ್ತಗೆ ಮಾತಾಡಿದಳು, ಅಷ್ಟು ನೆನಪಿದೆ. ಮುಗಿದಾಗ ಲೆಕ್ಕ ಒಂಬತ್ತು. ಹೇಳಿದೆ. ಆಕೆ ಎಣಿಸಿ ನೋಡಲಿಲ್ಲ. ಎದ್ದು ಹೋಗಿ ಗೋಧಿ ಹುಗ್ಗಿ ಮಾಡಿ, ಮೇಲೆ ತುಪ್ಪ ಸುರಿದು ಬಡಿಸಿದಳು. ನಾನು ಗೆದ್ದು ಬರಲಿ ಅಂತ ಮಾಡಿದ್ದಾಳೆ ಎಂದುಕೊಂಡು ಮೂರು ಸಲ ಹಾಕಿಸಿಕೊಂಡೆ.

ಗೋವಾದಲ್ಲಿ ನನ್ನನ್ನು ಕಂಡು ಸಮುದ್ರ ಎರಡು ಹೆಜ್ಜೆ ಹಿಂದೆ ಸರಿಯಿತು. ಮೂರು ದಿನ ಆಡಿದೆ. ಎಡಕ್ಕಿದ್ದ ಗುಜರಾತಿ ಸೇಠನ ಮಂಡಿನೋವಿಗೆ ಔಷಧ ಹೇಳಿದೆ, ಬಲಕ್ಕಿದ್ದ ಪುಣೆಯವನ ಮಗಳಿಗೆ ವರ ಗೊತ್ತುಮಾಡಿದೆ, ಎಲೆ ಹಂಚುವ ಹುಡುಗಿಯನ್ನು ನಗಿಸಿ ನಗಿಸಿ ಅಳಿಸಿದೆ. ಕೋಟಿನವನು ಎರಡು ಸಲ ಬಂದು ನಿಂತು, ನನ್ನ ಹರಟೆ ಕೇಳಿ, ಇವನು ಎಣಿಸುವವನಲ್ಲ ಎಂದು ಹೋದ. ಒಂದು ಎಲೆ ತಪ್ಪಲಿಲ್ಲ. ಫೋನು ಬಂದ್ ಮಾಡಿ ಜಿಲಾನಿಯ ಕಾರಿನಲ್ಲೇ ಇಟ್ಟಿದ್ದೆ. ಲೆಕ್ಕಕ್ಕೆ ಅದಕ್ಕಿಂತ ದೊಡ್ಡ ವೈರಿ ಇಲ್ಲ.

ಭಾನುವಾರ ಮಧ್ಯಾಹ್ನ ರಾಜನ ಹಾಗೆ ಮನೆಗೆ ಬಂದರೆ ಬಾಗಿಲಿಗೆ ಕೀಲಿ. ಕೀಲಿಕೈ ಪಕ್ಕದ ಮನೆ ನಿರ್ಮಲಾ ಹತ್ತಿರ ಇತ್ತು.

"ಸಾರವಾಡಕ್ಕ ಹೋಗ್ಯಾಳ್ರಿ. ದವಾಖಾನಿಯಿಂದ ಹಂಗ ಅವರಪ್ಪ ಕರಕೊಂಡು ಹೋದ್ರು. ನಿಮಗ ಎಷ್ಟ ಫೋನ್ ಮಾಡೇವಿ."

"ಏನಾಗಿತ್ತ್ರಿ?"

"ನೀವ ಹೋಗಿ ಕೇಳ್ರಿ," ಎಂದು ಆಕೆ ಒಳಗೆ ಹೋದಳು.

ಬಬಲೇಶ್ವರದ ಬಸ್ಸು ಹಿಡಿದು ಸಾರವಾಡದಲ್ಲಿ ಇಳಿದೆ. ಅತ್ತೆ ಗುರುಬಾಯಿ ಯಾವಾಗಿನಂತೆ ಹೊಸ್ತಿಲ ಹೊರಗೆ ತಂಬಿಗೆ ನೀರಿಟ್ಟರು. ಕಾಲು ತೊಳೆದುಕೊಂಡೆ. ಆಕೆ ನನ್ನೆದುರು ನಿಂತು ಮಾತಾಡುವವರಲ್ಲ; ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದಲೇ ಹೇಳಿದರು.

"ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ ಅಳಿಯಾರ. ಕೂಸು ಹುಟ್ಟಿ ತೊಟ್ಟಲಕ್ಕ ಹಾಕೂತನಕ ಹೆಸರು ಇಡಬಾರದು. ನಮ್ಮ ಕಡೆ ಯಾರೂ ಇಡೂದಿಲ್ಲ. ನೀವು ಖುಷಿಯೊಳಗ ಇಟ್ರಿ, ಬಸುರು ನಿಲ್ಲಲಿಲ್ಲ. ಇರ್ಲಿ, ನಮ್ಮ ದೈವ."

"ಯಾವ ಕೂಸು, ಅತ್ತಿ?"

ಆಕೆ ಮರೆಯಿಂದ ಹೊರಗೆ ಬಂದು, ಎಂಟು ವರ್ಷದಲ್ಲಿ ಮೊದಲ ಸಲ, ನನ್ನನ್ನು ನೇರವಾಗಿ ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿಬಿಟ್ಟರು.

ವಿದ್ಯಾ ಒಳಕೋಣೆಯಲ್ಲಿ ಮಲಗಿದ್ದಳು. ಬಾಣಂತಿಯ ಹಾಗೆ ತಲೆಗೂ ಕಿವಿಗೂ ಬಟ್ಟೆ ಕಟ್ಟಿದ್ದರು. ಬಾಣಂತಿಯ ಪಕ್ಕದಲ್ಲಿ ಇರಬೇಕಾದದ್ದು ಇರಲಿಲ್ಲ. ಮಂಚದ ತುದಿಗೆ ಕೂತೆ.

"ನನಗ ಒಂದು ಮಾತು ನೀ ಹೇಳಬೇಕಾಗಿತ್ತು," ಎಂದೆ.

"ಹೇಳಿದ್ದೆ."

"ಯಾವಾಗ?"

ಆ ಒಂದು ಮಾತನ್ನು ನಾನು ಕೇಳಬಾರದಿತ್ತು. ಅಲ್ಲಿಯವರೆಗೆ ಆಕೆಗೆ ನನ್ನ ಮೇಲೆ ಸಿಟ್ಟು ಮಾತ್ರ ಇತ್ತು: ಗೊತ್ತಿದ್ದೂ ಬಿಟ್ಟು ಹೋದ ಎಂದು. ಈಗ ಆ ಸಿಟ್ಟೂ ಮುಖದಿಂದ ಇಳಿದುಹೋಯಿತು.

"ಮಂಗಳವಾರ ಸಂಜಿಮುಂದ," ಎಂದಳು. "ಎರಡು ತಿಂಗಳ ಮ್ಯಾಲಾಗೇತಂತ ಡಾಕ್ಟರಬಾಯಿ ಹೇಳ್ಯಾರ ಅಂದೆ."

"ಎಲಿ ಒಗಿಯೂಮುಂದ? ಆಟದಾಗ ಹೇಳೂದೆಲ್ಲಾ ಸುಳ್ಳ ಅಲ್ಲೇನ?"

"ಮತ್ಯಾವಾಗ ಹೇಳ್ಲಿ? ನೀವು ನನ್ನ ಮಾರಿ ನೋಡತಿದ್ದದ್ದ ಅವಾಗ."

"ನಾ ಏನಂದೆ?"

"ನಕ್ರಿ. ಹೆಣ್ಣ ಆಗ್ತೈತಿ, ನೋಡ್ತಿರು ಅಂದ್ರಿ. ತಡಾ ಇಲ್ಲದ ಹೆಸರೂ ಇಟ್ರಿ. ಎಂಟು ವರ್ಷದಿಂದ ಇದ ಹೆಸರು ಮನಸಿನ್ಯಾಗ ಇಟ್ಕೊಂಡಾರ, ಅದಕ್ಕ ಪಟ್ಟನ ಬಾಯಿಗೆ ಬಂತು ಅಂತ ನಾ ತಿಳ್ಕೊಂಡೆ. ಲೆಕ್ಕ ಕೇಳೂದೂ ಮರತೆ. ನೀವ ಹೇಳಿದ್ರಿ, ಒಂಬತ್ತು ಅಂತ."

ನನ್ನ ಮುಖ ತನ್ನಷ್ಟಕ್ಕೆ ಕೆಲಸ ಶುರುಮಾಡಿತು. ಹುಬ್ಬು ಏರಿತು, ಕಣ್ಣು ಆಕೆಯ ಮೇಲೆ ನಾಟಿತು.

"ಆ ಮಾರಿ ಮಾಡಬ್ಯಾಡ್ರಿ," ಎಂದಳು ವಿದ್ಯಾ. "ಅದನ್ನ ನಾನ ಕಲಿಸೀನಿ."

ತಲೆ ತಗ್ಗಿಸಿದೆ. ಹಾಗೇ ಕೇಳಿದೆ, "ಏನ್ ಹೆಸರಿಟ್ಟಿದ್ದೆ?"

ಆಕೆ ಗೋಡೆಯ ಕಡೆ ಹೊರಳಿದಳು. "ಅದನ್ನೂ ನಾನ ಹೇಳಬೇಕೇನ್ರಿ?"

ಇದು ಆಗಿ ಏಳು ತಿಂಗಳು. ಆಮೇಲೆ ನಾನು ಎಲೆ ಮುಟ್ಟಿಲ್ಲ. ಮುಟ್ಟಿದರೆ ಇವತ್ತಿಗೂ ಗೋವಾ ನಡುಗುತ್ತದೆ, ಆ ಮಾತು ಬೇರೆ. ಪ್ರತಿ ಸೋಮವಾರ ಅಂಗಡಿ ಮುಚ್ಚಿ ಸಾರವಾಡಕ್ಕೆ ಹೋಗುತ್ತೇನೆ. ಮಾವ ಮಲಕಾಜಪ್ಪ ತೊಗರಿಯ ಮಾತು ತೆಗೆಯುತ್ತಾರೆ. ವಿದ್ಯಾ ಈಗ ಎದ್ದು ಓಡಾಡುತ್ತಾಳೆ, ಚಹಾ ತಂದು ಕೊಡುತ್ತಾಳೆ. ಆದರೆ ಹೊರಡುವಾಗ ಬಾ ಅಂದರೆ, "ಮುಂದಿನ ಸಲ ನೋಡೂಣು" ಅನ್ನುತ್ತಾಳೆ.

ಆ ಹೆಸರು ಸಿಕ್ಕರೆ ಆಕೆ ಬರುತ್ತಾಳೆ ಅನ್ನುವುದು ನನ್ನ ನಂಬಿಕೆ. ಆಕೆ ಹಾಗೆ ಹೇಳಿಲ್ಲ. ಬಸ್ಸಿನಲ್ಲಿ ಕೂತು ನನ್ನ ಬಾಯಿಗೆ ಬರಬಹುದಾದ ಹೆಸರುಗಳನ್ನೆಲ್ಲ ಹುಡುಕುತ್ತೇನೆ. ನಮ್ಮವ್ವನ ಹೆಸರು, ಶಾಲೆಯಲ್ಲಿ ಕಂಡ ಹುಡುಗಿಯರ ಹೆಸರು, ಅಂಗಡಿಗೆ ಬಂದ ಗಿರಾಕಿಗಳು ತಮ್ಮ ಮಕ್ಕಳನ್ನು ಕರೆದ ಹೆಸರು. ವಾರಕ್ಕೊಂದನ್ನು, ಚಹಾ ಕುಡಿಯುತ್ತ, ಆಕೆಗೆ ಕೇಳುವ ಹಾಗೆ ಹೇಳುತ್ತೇನೆ. ಆಕೆ ತನ್ನ ಕೆಲಸ ಮಾಡುತ್ತಿರುತ್ತಾಳೆ.

ಹೋದ ಸೋಮವಾರ ನೇತ್ರಾ ಅಂದೆ. ಆಕೆ ಅರ್ಧ ತುಂಬಿದ್ದ ಕಪ್ಪು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಕೊನೆಯ ಬಸ್ಸಿನ ಹೊತ್ತಾದರೂ ಹೊರಗೆ ಬರಲಿಲ್ಲ. ಹೆಸರು ಸರಿಯಿತ್ತು ಅಂತ ಹೋದಳೋ, ತಪ್ಪಿತ್ತು ಅಂತ ಹೋದಳೋ, ನನಗೆ ತಿಳಿಯಲಿಲ್ಲ.