ಮಾರಮ್ಮನ ನಾಲಿಗೆ

“ಅಲ್ಲೇ ನಿಲ್ಲೇ ಮುಂಡೆ! ಜಗಲಿ ಹತ್ತಬ್ಯಾಡ. ನಿನ್ ಬಾಯಿ ಬೇಕಾಗೈತೆ, ನೀನಲ್ಲ.” ಸಾಹುಕಾರರು ಜಗಲಿಯಿಂದಲೇ ಗದರಿದರು.

ಕಾಫಿ ಹಣ್ಣು ಕುಯ್ಯುತ್ತಿದ್ದ ಮಾರಮ್ಮನನ್ನು ಕೂಲಿ ಲೆಕ್ಕ ಬರೆಯುವ ರೈಟರ್ ನಟರಾಜ್ ತೋಟದಿಂದ ಕರೆತಂದು ಸಾಹುಕಾರರ ಅಂಗಳದಲ್ಲಿ ನಿಲ್ಲಿಸಿದ್ದ. ಅರ್ಧ ತುಂಬಿದ ಚೀಲ ಇನ್ನೂ ಅವಳ ಸೊಂಟದಲ್ಲೇ ಇತ್ತು. ಯಾವ ತಪ್ಪಿಗೆ ಕರೆಸಿದರೋ ಅವಳಿಗೆ ತಿಳಿದಿರಲಿಲ್ಲ.

ಜಗಲಿಯ ಮೇಲೆ ಹನ್ನೊಂದು ಡಬ್ಬ ಬಿಸ್ಕತ್ತು. ಮಾರನೆಯ ದಿನ ಸಾಹುಕಾರ ಶಾಂತಮಲ್ಲಪ್ಪನವರ ಮಗಳ ನಿಶ್ಚಿತಾರ್ಥ. ಬೀಗರಿಗೆಂದು ಹಾಸನದಿಂದ ತರಿಸಿದ್ದು. ಅಷ್ಟರಲ್ಲಿ ಯಸಳೂರಿನ ಬಸ್ಸಿನಲ್ಲಿ ಯಾರೋ ಹಂಚಿದ ಜೆರಾಕ್ಸ್ ಕರಪತ್ರವೊಂದು ಮನೆ ಸೇರಿತ್ತು. ಡಬ್ಬದ ಮೇಲೆ ಇಂಥ ನಂಬರಿದ್ದರೆ ಒಳಗೆ ಹಂದಿ ಕೊಬ್ಬಿದೆ, ನೂರು ಜನಕ್ಕೆ ತಿಳಿಸಿ ಎಂದಿತ್ತು. ಹನ್ನೊಂದರ ಮೇಲೂ ಆ ನಂಬರಿತ್ತು. ಹಿಂದಿನ ದಿನವೇ ನಾಲ್ಕು ತಿಂದಿದ್ದ ಸಾಹುಕಾರರ ಹೆಂಡತಿ ದ್ರಾಕ್ಷಾಯಣಮ್ಮ ಎರಡೆರಡು ಸಲ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ಬಾಗಿಲಿಗೆ ಒರಗಿದ್ದರು.

“ಹಸ್ರು ಚುಕ್ಕಿ ಐತಲ್ಲ ಸಾರ್. ಮಾಂಸ ಇಲ್ದಿದ್ರೇನೇ ಅದ್ನ ಹಾಕಾದು,” ಎಂದ ನಟರಾಜ್.

“ಪೇಂಟ್ ತಂದ್ಕೊಡು, ಚುಕ್ಕಿ ನಾನೂ ಇಡ್ತೀನಿ ಕಣೋ. ನಾಲ್ಗೆ ಸುಳ್ಳು ಹೇಳಲ್ಲ.” ಸಾಹುಕಾರರು ಮಾರಮ್ಮನತ್ತ ತಿರುಗಿದರು. “ನಿಮ್ಮೋರು ಹಂದಿ ತಿನ್ನೋರು. ತಿಂದು ಹೇಳು, ಐತೋ ಇಲ್ವೋ.”

“ರೈಟರ್ರಿಗೂ ಗೊತ್ತಾಯ್ತದಲ್ಲ ಬುದ್ಧಿ. ಹೋದ ಭಾನ್ವಾರ ನಮ್ ಕೂಲಿ ಲೈನಲ್ಲೇ…”

“ಬಾಯ್ ಮುಚ್ಕೊಂಡು ತಿನ್ನೇ!” ನಟರಾಜ್ ಕಿರುಚಿದ.

ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆಂದು ಮಾರಮ್ಮ ಕೇಳಲಿಲ್ಲ.

ದ್ರಾಕ್ಷಾಯಣಮ್ಮ ಬಾಳೆಲೆ ಚೂರಿನ ಮೇಲೆ ಬಿಸ್ಕತ್ತು ಇಟ್ಟು, ಪೊರಕೆಯ ತುದಿಯಿಂದ ಮೆಟ್ಟಿಲ ಕೆಳಗೆ ತಳ್ಳಿದರು. ಮಾರಮ್ಮ ಎತ್ತಿ ಬಾಯಿಗೆ ಹಾಕಿಕೊಂಡಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಬಿದ್ದ ಮೊದಲ ತುತ್ತು ಅದು. ಮೂವರೂ ಅವಳ ದವಡೆಯನ್ನೇ ನೋಡಿದರು. ಮೂವತ್ತು ವರ್ಷ ಆ ತೋಟದಲ್ಲಿ ದುಡಿದವಳ ಮುಖವನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ.

“ಇಲ್ಲ ಬುದ್ಧಿ. ಹಂದಿ ಕೊಬ್ಬಾದ್ರೆ ಬಾಯಿಗೆಲ್ಲ ಮೆತ್ಕತದೆ. ಇದು ಬರೀ ಗೋದಿ, ಸಕ್ರೆ.”

“ಸರ್ಯಾಗ್ ಅಗಿಯೇ. ಇನ್ನೊಂದು ತಿನ್ನು.”

ಐದು ತಿಂದಳು. ಐದು ಸಲವೂ ಇಲ್ಲ ಎಂದಳು.

ಸಾಹುಕಾರರು ಎದೆಯ ಮೇಲಿನ ಲಿಂಗವನ್ನು ಕಣ್ಣಿಗೊತ್ತಿಕೊಂಡರು. “ಶಿವ ಮಾನ ಕಾಪಾಡ್ದ. ಡಬ್ಬ ಒಳಗಿಡೋ ನಟರಾಜ. ನೀನು ಆ ಎಲೆ ಎತ್ತಾಕಿ, ನಿಂತಿದ್ ಜಾಗಕ್ಕೆ ಸಗಣಿ ನೀರು ಚೆಲ್ಲಿ ಹೋಗೇ.”

ಮಾರಮ್ಮ ಅಲುಗಲಿಲ್ಲ. ಜಗಲಿಯ ಮೇಲಿನ ಡಬ್ಬಗಳತ್ತ ನೋಡಿದಳು.

“ಒಂದ್ ಡಬ್ಬ ತಾನೇ ನೋಡಿದ್ದು ಬುದ್ಧಿ? ಮಿಕ್ಕಿದ್ರಲ್ಲಿ ಏನಾರ ಇದ್ರೆ ನನ್ ನಾಲ್ಗೆ ಮ್ಯಾಲೆ ಬತ್ತದೆ.”

ಅವಳು ಮೆಟ್ಟಿಲು ಹತ್ತಿದಳು. ಎರಡನೇ ಡಬ್ಬದ ಮುಚ್ಚಳ ಕಿತ್ತು, ಹಣ್ಣಿನ ಅಂಟಿಗೆ ಕಪ್ಪಾಗಿದ್ದ ಕೈಯನ್ನು ತಳದವರೆಗೂ ಇಳಿಸಿದಳು. ಒಂದು ತೆಗೆದು ಕಚ್ಚಿದಳು. ಉಳಿದರ್ಧವನ್ನು ವಾಪಸ್ ಒಳಗೇ ಹಾಕಿದಳು.

“ಇದ್ರಲ್ಲೂ ಇಲ್ಲ.”

“ಹಿಡ್ಕಳ್ರೋ ಅವಳ್ನ!” ದ್ರಾಕ್ಷಾಯಣಮ್ಮ ಅರಚಿದರು.

ಹಿಡಿಯಬೇಕಾದರೆ ಮುಟ್ಟಬೇಕಿತ್ತು. ಸಾಹುಕಾರರು ಗೋಡೆಗೆ ಅಂಟಿದರು. ನಟರಾಜ್ ಸಾಹುಕಾರರ ಮುಖ ನೋಡಿ, ಮುಂದೆ ಚಾಚಿದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ದ್ರಾಕ್ಷಾಯಣಮ್ಮ ಪೊರಕೆ ಎತ್ತಿದರು. ಬೀಸಿದರೆ ಅದೂ ಅವಳ ಮೈಗೆ ತಾಗುತ್ತಿತ್ತು. ಎತ್ತಿದ್ದು ಹಾಗೇ ಮೇಲೆ ನಿಂತಿತು.

ಮೂರನೇ ಡಬ್ಬವಾಯಿತು, ನಾಲ್ಕನೆಯದಾಯಿತು. ಮಾರಮ್ಮನಿಗೆ ಅವಸರವಿರಲಿಲ್ಲ. ಏಳನೆಯದನ್ನು ತೊಡೆಯ ಮೇಲಿಟ್ಟುಕೊಂಡು ಸಾಹುಕಾರರ ಕುರ್ಚಿಯಲ್ಲಿ ಕೂತಳು.

“ಇದ್ರಲ್ಲೂ ಇಲ್ಲ ಕಣೋ ಶಾಂತಮಲ್ಲಪ್ಪ,” ಎಂದು ಎಂಟನೆಯದಕ್ಕೆ ಕೈ ಚಾಚಿದಳು.