ಅಕ್ಕಿಯಲ್ಲಿ ಬರೆದ ಹೆಸರು

ನಾನು ಒಂದು ಲ್ಯಾಪ್‌ಟಾಪ್. ಮೊದಲ ಸಲ ಕಣ್ಣು ಬಿಟ್ಟಾಗ ಸುತ್ತ ಬರೀ ಬಿಳಿ ಬೆಳಕಿತ್ತು. ಕೈಗವಸು ತೊಟ್ಟ ಯಾರೋ ನನ್ನ ಬೆನ್ನಿಗೆ ಒಂದು ನಂಬರು ಅಂಟಿಸಿದರು. ಅದೇ ನನ್ನ ನಾಮಕರಣ. ತೊಟ್ಟಿಲಿರಲಿಲ್ಲ, ಕಿವಿಯಲ್ಲಿ ಹೆಸರು ಹೇಳುವವರೂ ಇರಲಿಲ್ಲ.

ಮೊದಲು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ದುಡಿದೆ. ಆ ದಿನಗಳು ನೆನಪಿಲ್ಲ. ಮಾರುವ ಮುಂಚೆ ಅಲ್ಲಿ ಕೂಡಿಟ್ಟ ನೆನಪನ್ನೆಲ್ಲ ಒರೆಸಿಬಿಟ್ಟರು. ಹಾಗೆ ಖಾಲಿಯಾಗಿ ಧಾರವಾಡದ ಬೀಳಗಿಯವರ ಮನೆ ಸೇರಿದೆ. ಮಗಳು ಅನಘಾಳ ಡಿಗ್ರಿ ಓದಿಗೆಂದು ತಂದಿದ್ದರು. ಅವಳು ಕಾಲೇಜಿಗೆ ಹೋದ ಮೇಲೆ ಅವಳ ತಾಯಿ ಪದ್ಮಜಾ ನನ್ನನ್ನು ಅಡುಗೆಮನೆಗೆ ಒಯ್ದು ಅಕ್ಕಿ ಡಬ್ಬಿಯ ಮೇಲೆ ಕೂರಿಸುತ್ತಿದ್ದಳು.

ಹಾಲು ಉಕ್ಕುವ ಮುಂಚೆ ಒಂದು ವಾಕ್ಯ, ಕುಕ್ಕರ್ ಕೂಗುವ ಮುಂಚೆ ಇನ್ನೊಂದು. ಅವಳ ಬೆರಳಿನ ಅರಿಸಿನ ತಾಗಿ ನನ್ನ ಕೀಲಿಗಳು ಹಳದಿಯಾದವು. ಅವಳು ಎದ್ದು ಹೋದಾಗ ನಾನು ಮಂಪರಿಗೆ ಜಾರುತ್ತಿದ್ದೆ. ಅರ್ಧ ಬರೆದ ವಾಕ್ಯ ಕನಸಿನಲ್ಲಿ ಹೊಗೆಯ ಹಾಗೆ ಸುಳಿಯುತ್ತಿತ್ತು.

ಅವಳು ಬರೆಯುತ್ತಿದ್ದುದು ವಯಸ್ಕರ ಚಿತ್ರಗಳ ಬಗ್ಗೆ. ಅಂಥ ಚಿತ್ರಗಳಲ್ಲಿ ಒಪ್ಪಿಯೇ ನಟಿಸಿ, ಆಮೇಲೆ ಬಿಟ್ಟುಬಂದ ಹೆಂಗಸೊಬ್ಬಳ ಮಾತನ್ನು ಅವಳು ಓದಿದ್ದಳು. ತೆಗೆಯಿರಿ ಎಂದು ಎಷ್ಟು ಬೇಡಿದರೂ ಆ ಹೆಂಗಸಿನ ಹೆಸರೂ ಚಿತ್ರಗಳೂ ಮತ್ತೆ ಮತ್ತೆ ತಲೆಯೆತ್ತುತ್ತಿದ್ದವಂತೆ. ಪದ್ಮಜಾ ಯಾರನ್ನೂ ಬೈಯಲಿಲ್ಲ. ನೋಡುವವರಿಗೂ ಒಂದು ನೀತಿ ಬೇಡವೇ ಎಂದು ಕೇಳಿದಳು. ನೋಡುವ ಮುಂಚೆ ಕೇಳಿಕೊಳ್ಳಬೇಕು: ತೆರೆಯ ಮೇಲಿನವಳು ಒಪ್ಪಿದ್ದಳೇ? ಸಾಕು ಎಂದ ಮೇಲೆ ಬಿಟ್ಟರೇ? ‘ನೋಡಿದವನಿಗೆ ಹೆಸರಿಲ್ಲ, ಕಾಣಿಸಿಕೊಂಡವಳ ಹೆಸರು ಮಾತ್ರ ಊರೂರು ಅಲೆಯುತ್ತದೆ’ ಎಂದು ಬರೆದು, ಒಗ್ಗರಣೆ ಹಾಕಲು ಎದ್ದಳು.

ಕೆಳಗೆ ‘ಶಾಲ್ಮಲಾ ಮಣ್ಣೂರ’ ಎಂದು ಸಹಿ ಹಾಕಿದಳು. ಅದು ತವರಿನಲ್ಲಿಟ್ಟ ಹೆಸರು. ಮದುವೆಯ ದಿನ ಅವಳ ಗಂಡ, ಇವರ ಪದ್ಧತಿಯಂತೆ, ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ‘ಪದ್ಮಜಾ’ ಎಂದು ಬರೆದಿದ್ದ. ಆ ಹೆಸರನ್ನು ಆರಿಸಿದವರು ಅತ್ತೆ ಇಂದಿರಾಬಾಯಿ.

ಲೇಖನ ಒಂದು ಜಾಲಪತ್ರಿಕೆಯಲ್ಲಿ ಬಂತು. ಅಂದಿನಿಂದ ಅವಳು ಕೈ ಒರೆಸಿಕೊಂಡು ಬಂದು ನನ್ನಲ್ಲಿ ತನ್ನದೇ ಹಳೆಯ ಹೆಸರನ್ನು ಹುಡುಕತೊಡಗಿದಳು. ಕಳೆದ ಗೆಳತಿಯನ್ನು ಜಾತ್ರೆಯಲ್ಲಿ ಹುಡುಕುವವಳ ಹಾಗೆ. ಹೆಸರು ಸಿಕ್ಕಿದಾಗ ಮುಖ ಅರಳುತ್ತಿತ್ತು. ಅದರ ಕೆಳಗಿನ ಬೈಗುಳ ಓದಿ ಬಾಡುತ್ತಿತ್ತು. ‘ಈಕಿ ಯಾರ ಮನಿ ಸೊಸಿ? ಹುಡುಕ್ರಿ’ ಎಂದು ಒಬ್ಬ ಬರೆದಿದ್ದ. ಅದನ್ನು ಓದಿದ ದಿನ ಅವಳು ಸಂಪಾದಕರಿಗೆ ‘ಇನ್ನು ಬರೆಯಲಾರೆ’ ಎಂದು ಟೈಪಿಸಿದಳು. ಕಳಿಸಲಿಲ್ಲ. ಆ ಎರಡು ಪದಗಳ ಭಾರ ನನ್ನೊಳಗೆ ಉಳಿಯಿತು.

ಒಂದು ಮಧ್ಯಾಹ್ನ ಇಂದಿರಾಬಾಯಿ ಮೊಮ್ಮಗಳಿಗೆ, “ಅನು, ಏಕಾದಶಿ ಯಾವಾಗ ಅದ, ನೋಡಿ ಹೇಳ” ಎಂದರು. ಹುಡುಕುವ ಜಾಗ ಮುಟ್ಟಿದರೆ ಹಿಂದೆ ಹುಡುಕಿದ್ದನ್ನು ತೋರಿಸುವುದು ನನ್ನ ಗುಣ. ತೋರಿಸಿದೆ.

“ಅಜ್ಜಿ, ಶಾಲ್ಮಲಾ ಮಣ್ಣೂರ ಅಂದ್ರ ಅಮ್ಮನ ಹಳೇ ಹೆಸರಲ್ಲೇನು?”

ಅನಘಾ ಲೇಖನ ತೆರೆದು ಗಟ್ಟಿಯಾಗಿ ಓದಿದಳು. ಕೆಳಗಿನ ಬೈಗುಳವನ್ನೂ ಓದಿದಳು. ಮಾಳಿಗೆಯಿಂದ ಒಣಗಿದ ಬಟ್ಟೆ ತಂದ ಪದ್ಮಜಾ ಬಾಗಿಲಲ್ಲೇ ನಿಂತುಬಿಟ್ಟಳು.

“ಇಂಥಾದ್ದ ಬರದಿ, ನಮಗ ಒಂದ ಮಾತ ಹೇಳಬಾರದ?” ಎಂದರು ಅತ್ತೆ.

“ಹೇಳಿದ್ರ ಬ್ಯಾಡ ಅಂತಿದ್ರಿ, ಅತ್ಯಾ.”

“ಅಂತಿದ್ದೆ. ಈಗೂ ಅಂತೀನಿ. ಮಂದಿ ಬಾಯಿಗೆ ಯಾಕ ಬೀಳಬೇಕ?” ಅವರು ಕನ್ನಡಕ ಸರಿಮಾಡಿಕೊಂಡು ನನ್ನತ್ತ ಬಾಗಿದರು. “ಅಲ್ಲಾ, ಬೈದವ್ರು ಯಾರಿವ್ರು? ‘ಗಂಡುಮೆಟ್ಟಿದ ಹುಲಿ’ ಅಂತ! ಹುಲಿಗೆ ಅಪ್ಪ ಅವ್ವ ಇಟ್ಟ ಹೆಸರಿಲ್ಲೇನ?”

ಅನಘಾ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. ನನ್ನತ್ತ ಬೆರಳು ಮಾಡಿ, “ನನ್ನ ಹೆಸರೂ ಹುಡುಕ” ಎಂದರು.

“ಇಂದಿರಾಬಾಯಿ ಬೀಳಗಿ ಅಂತನಾ?”

“ಅದ ಅಲ್ಲ. ಅದೂ ಅಕ್ಕಿಯೊಳಗ ಬರದದ್ದ. ಭಾಗೀರಥಿ. ಭಾಗೀರಥಿ ಮುದಗಲ್.”

ಪದ್ಮಜಾ ಬಟ್ಟೆ ಕೆಳಗಿಟ್ಟಳು. ಅತ್ತೆಗೆ ಬೇರೊಂದು ಹೆಸರಿತ್ತೆಂದು ಅವಳಿಗೂ ಗೊತ್ತಿರಲಿಲ್ಲ. ನಾನು ನನ್ನ ಶಕ್ತಿಯನ್ನೆಲ್ಲ ಕೂಡಿಸಿ ಹುಡುಕಿದೆ. ಯಾರ್‍ಯಾರೋ ಭಾಗೀರಥಿಯರು ಬಂದರು. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದರು.

“ಇಷ್ಟ ಮಂದಿ ಇದ್ದಾರ. ನಾ ಒಬ್ಬಾಕಿ ಇಲ್ಲ ನೋಡ” ಎಂದು ಎದ್ದರು. ಬಾಗಿಲ ತನಕ ಹೋಗಿ ತಿರುಗಿದರು. “ಆ ಪಾಪದಾಕಿ ತನ್ನ ಹೆಸರ ಅಳಸ್ರಿ ಅಂತಾಳ, ಯಾರೂ ಅಳಸಂಗಿಲ್ಲ. ನಂದು ಯಾರೂ ಕೇಳದನ ಅಳಿಸಿದ್ರು. ಅದನ್ನೂ ಬರಿ.”

ಪದ್ಮಜಾ ಕುಳಿತಳು. ಕಳಿಸದೆ ಉಳಿದಿದ್ದ ಆ ಎರಡು ಪದಗಳನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ನನ್ನ ಎದೆ ಹಗುರಾಯಿತು. ಅಂದು ಹಾಲು ಉಕ್ಕಿ ಒಲೆಯೆಲ್ಲ ತೋಯ್ದರೂ ಯಾರೂ ಅವಳನ್ನು ಕರೆಯಲಿಲ್ಲ. ಹೊಸ ಲೇಖನದ ತಲೆಯ ಮೇಲೆ ‘ಭಾಗೀರಥಿ ಮುದಗಲ್ ಅವರಿಗೆ’ ಎಂದಿತ್ತು. ಕೆಳಗೆ, ಶಾಲ್ಮಲಾ.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಉಬ್ಬಿದೆ, ಪರದೆಯ ಅಂಚು ಮಸುಕಾಗಿದೆ. ಅಟ್ಟದ ಮೇಲೆ ಹಿತ್ತಾಳೆಯ ಒಂದು ತಾಟಿನ ಪಕ್ಕದಲ್ಲಿ ಮಲಗಿದ್ದೇನೆ. ಅತ್ತೆ, ಸೊಸೆ ಇಬ್ಬರ ಹೊಸ ಹೆಸರನ್ನೂ ಬರೆದದ್ದು ಈ ತಾಟಿನ ಅಕ್ಕಿಯ ಮೇಲೆಯೇ. ಆಮೇಲೆ ಆ ಅಕ್ಕಿಯನ್ನು ಬಾಚಿ ಪಾಯಸ ಮಾಡಿದರಂತೆ. ತಾಟಿನಲ್ಲಿ ಒಂದು ಅಕ್ಷರವೂ ಉಳಿದಿಲ್ಲ. ತೊಳೆದು ಬೋರಲು ಹಾಕಿದ್ದಾರೆ.

ನನ್ನ ಕನಸಿನಲ್ಲಿ ಒಮ್ಮೊಮ್ಮೆ ಅಜ್ಜಿ ಬರುತ್ತಾರೆ. ಕನ್ನಡಕ ಏರಿಸಿ, “ಅನು, ಮತ್ತೊಮ್ಮೆ ಹುಡುಕ” ಎನ್ನುತ್ತಾರೆ. ನಾನು ಹುಡುಕುತ್ತೇನೆ. ಆ ಎಲ್ಲ ಭಾಗೀರಥಿಯರ ನಡುವಿನಿಂದ, ಅರಿಸಿನದ ಬೆರಳುಗಳು ಬರೆದ ಒಬ್ಬಾಕೆ ಎದ್ದು ಬರುತ್ತಾಳೆ.